‘ಲುಕ್ ಫಾರ್ವರ್ಡ್ ಟು’ ಎಂಬುದನ್ನು ಸರಿಯಾಗಿ ಬರೆಯುವ ಕ್ರಮ

ವೈಟ್‌ಫೀಲ್ಡ್‌ನ ಕಂಪನಿಗೆ ಕೆಲಸದ ಅರ್ಜಿ ಕಳುಹಿಸುವವರಾಗಲಿ, ಜಯನಗರದ ಶಾಲೆಗೆ ಮಗುವಿನ ಪ್ರವೇಶಕ್ಕಾಗಿ ಬರೆಯುವವರಾಗಲಿ, ಇಂಗ್ಲಿಷ್ ಪತ್ರವನ್ನು ಮುಗಿಸುವಾಗ ‘ಐ ಲುಕ್ ಫಾರ್ವರ್ಡ್ ಟು’ ಎಂಬ ಪದಗುಚ್ಛವನ್ನು ಹೆಚ್ಚಾಗಿ ಬಳಸುತ್ತಾರೆ. ಅದರ ಮುಂದೆ ‘ಹಿಯರ್ ಫ್ರಮ್ ಯು’ ಎಂದು ಬರೆದರೆ ತಪ್ಪು. ‘ಹಿಯರಿಂಗ್ ಫ್ರಮ್ ಯು’ ಎಂದೇ ಬರೆಯಬೇಕು.

ಕಾರಣವಿರುವುದು ‘ಟು’ ಎಂಬ ಪದದಲ್ಲಿ. ‘ಐ ವಾಂಟ್ ಟು ಮೀಟ್ ಯು’ ಎಂಬ ವಾಕ್ಯದಲ್ಲಿ ಅದು ಕ್ರಿಯಾಪದದ ಮೂಲರೂಪದೊಡನೆ ಸೇರಿಕೊಂಡಿದೆ. ಆದರೆ ‘ಲುಕ್ ಫಾರ್ವರ್ಡ್ ಟು’ ಎಂಬಲ್ಲಿ ಅದು ಪ್ರೆಪೊಸಿಷನ್ (ನಾಮಪದದ ಮೊದಲು ಬಂದು ಸಂಬಂಧವನ್ನು ಸೂಚಿಸುವ ಪದ) ಆಗಿರುವುದರಿಂದ, ಅದರ ನಂತರ ನಾಮಪದವಾಗಲಿ, ‘ಇಂಗ್’ ಸೇರಿ ನಾಮಪದದಂತೆ ನಿಲ್ಲುವ ಕ್ರಿಯಾರೂಪವಾಗಲಿ ಬರಬೇಕು. ಕನ್ನಡಿಗರಿಗೆ ಇದು ಹೊಸದೇನಲ್ಲ: ನಾವೂ ‘ಭೇಟಿಯಾಗುವುದನ್ನು ಎದುರುನೋಡುತ್ತೇನೆ’ ಎನ್ನುತ್ತೇವೆ; ‘ಭೇಟಿಯಾಗಲು ಎದುರುನೋಡುತ್ತೇನೆ’ ಎಂದರೆ ಕಿವಿಗೆ ಅಷ್ಟಾಗಿ ಒಗ್ಗುವುದಿಲ್ಲ.

ಅನುಮಾನ ಬಂದಾಗ ಕ್ರಿಯಾಪದದ ಜಾಗದಲ್ಲಿ ‘ಯುವರ್ ರಿಪ್ಲೈ’ ಎಂದು ಇಟ್ಟು ನೋಡಿ. ‘ಐ ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಸರಿಹೊಂದುತ್ತದೆ, ‘ಐ ವಾಂಟ್ ಟು ಯುವರ್ ರಿಪ್ಲೈ’ ಹೊಂದುವುದಿಲ್ಲ. ನಾಮಪದ ಹೊಂದುವ ಕಡೆ ‘ಇಂಗ್’ ರೂಪವನ್ನು ಧೈರ್ಯವಾಗಿ ಬರೆಯಬಹುದು. ‘ಐ ಆಮ್ ಯೂಸ್ಡ್ ಟು ವರ್ಕಿಂಗ್ ಅಟ್ ನೈಟ್’ ಎಂಬುದಕ್ಕೂ ಇದೇ ನಿಯಮ.

ಔಪಚಾರಿಕ ಪತ್ರಕ್ಕೆ ‘ಐ ಲುಕ್ ಫಾರ್ವರ್ಡ್’ ಒಪ್ಪುತ್ತದೆ. ‘ಐ ಆಮ್ ಲುಕಿಂಗ್ ಫಾರ್ವರ್ಡ್’ ಎಂಬುದರಲ್ಲಿ ಸಲಿಗೆ ಹೆಚ್ಚು. ಈ ಪದಗುಚ್ಛದಲ್ಲಿ ಸಂತೋಷದ ನಿರೀಕ್ಷೆ ಅಡಗಿರುವುದರಿಂದ, ಬಾಡಿಗೆ ಮನೆಯ ಅಡ್ವಾನ್ಸ್ ಹಿಂತಿರುಗಿಸುವಂತೆ ಮಾಲೀಕರಿಗೆ ಬರೆಯುವ ಜ್ಞಾಪನಾ ಪತ್ರದಲ್ಲಿ ಇದನ್ನು ಬಿಟ್ಟು, ‘ಪ್ಲೀಸ್ ರಿಪ್ಲೈ ಬೈ 10 ಜೂನ್’ ಎಂದು ದಿನಾಂಕವನ್ನೇ ನಮೂದಿಸುವುದು ಮೇಲು.