ಮೊದಲ ಬರವಣಿಗೆ ಕೆಲಸಕ್ಕೆ ದರ ಹೇಳುವ ಮುನ್ನ

ಪದಕ್ಕೆ ಇಷ್ಟು ಎಂದು ಥಟ್ಟನೆ ಒಪ್ಪಿಕೊಳ್ಳಬೇಡಿ. ಮೊದಲು ಗಡಿಯಾರ ಮುಂದಿಟ್ಟುಕೊಂಡು ಒಂದು ಲೇಖನ ಬರೆದು ನೋಡಿ. 1000 ಪದಗಳಿಗೆ ಓದು, ಟಿಪ್ಪಣಿ 2 ಗಂಟೆ, ಬರೆಯಲು 3, ತಿದ್ದಲು 1 ಹಿಡಿಯಿತು ಎನ್ನಿ. ನಿಮ್ಮ ಒಂದು ಗಂಟೆಯ ಬೆಲೆಯನ್ನು 6ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಪದದ ದರ ಸಿಗುತ್ತದೆ. ಆ ಬೆಲೆಯಲ್ಲಿ ತೆರಿಗೆ, ಇಂಟರ್ನೆಟ್ ಖರ್ಚು, ಕೆಲಸವಿಲ್ಲದ ದಿನಗಳೂ ಸೇರಿರಬೇಕು.

ನನ್ನ ಮೊದಲ ಕೆಲಸದಲ್ಲಿ ತಿದ್ದುಪಡಿಯ ಮಾತೇ ಎತ್ತಿರಲಿಲ್ಲ. ಒಂದೇ ಲೇಖನವನ್ನು ಐದು ಸಲ ತಿದ್ದಿಕೊಟ್ಟೆ, ಹಣ ಮಾತ್ರ ಅಷ್ಟೇ. ಅದಕ್ಕೇ ಹೇಳುತ್ತೇನೆ, “ಎರಡು ಸುತ್ತಿನ ತಿದ್ದುಪಡಿ ಈ ದರದಲ್ಲಿದೆ, ಮೂರನೆಯದಕ್ಕೆ ಪ್ರತ್ಯೇಕ” ಎಂದು ಇಮೇಲಿನಲ್ಲೇ ಬರೆದುಬಿಡಿ. ಉಚಿತ ಮಾದರಿ ಕೇಳಿದರೆ ಹಳೆಯ ಬರಹ ಕಳುಹಿಸಿ. ಮುಂಗಡ ಕೇಳಲು ಸಂಕೋಚ ಬೇಡ.