255ರ ತನಕ ಎಲ್ಲ ಸರಿ ಇತ್ತು

ಎಸ್‌ಪಿಐ ನಾರ್ ಫ್ಲ್ಯಾಶ್‌ಗೆ (ಕರೆಂಟ್ ಹೋದರೂ ಡೇಟಾ ಉಳಿಸಿಕೊಳ್ಳುವ ಪುಟ್ಟ ಮೆಮೊರಿ ಚಿಪ್) ಅಂತ ಒಂದು ಪುಟ್ಟ ಫೈಲ್‌ಸಿಸ್ಟಮ್ ಬರೆದಿದ್ದೆ. ಸೆನ್ಸರ್ ಲಾಗ್ ಇಡುವುದಕ್ಕಷ್ಟೇ. ಎಂಟು ಸೆಕ್ಟರ್ (ಒಂದೇ ಏಟಿಗೆ ಅಳಿಸುವ ತುಂಡು), ಸುತ್ತು ಹಾಕುತ್ತಾ ಬರೆಯುತ್ತೆ, ಜಾಗ ಬೇಕಾದಾಗ ಹಳೆಯದನ್ನು ಅಳಿಸುತ್ತೆ. ಯಾವುದು ಹಳೆಯದು ಅಂತ ತಿಳಿಯಲು ಪ್ರತಿ ಸೆಕ್ಟರ್‌ನ ಶುರುವಿನ ಹೆಡರ್‌ನಲ್ಲಿ 32 ಬಿಟ್‌ನ ಕ್ರಮಸಂಖ್ಯೆ. ಸ್ಟ್ರಕ್ಟ್ ತುಂಬಿಸಿ ಸುಮ್ನೆ ಹಾಗೇ ಫ್ಲ್ಯಾಶ್‌ಗೆ ಸುರಿಯುತ್ತಿದ್ದೆ. ಬೋರ್ಡೂ ಲಿಟಲ್ ಎಂಡಿಯನ್ (ಸಂಖ್ಯೆಯ ಚಿಕ್ಕ ಬೆಲೆಯ ಬೈಟ್ ಮೊದಲು), ಲ್ಯಾಪ್‌ಟಾಪೂ ಲಿಟಲ್ ಎಂಡಿಯನ್, ಇನ್ನೇನು ಚಿಂತೆ ಅಲ್ವಾ?

ಆಮೇಲೆ ಅದೇ ಚಿಪ್‌ಗಳನ್ನು ಬಿಗ್ ಎಂಡಿಯನ್ (ದೊಡ್ಡ ಬೆಲೆಯ ಬೈಟ್ ಮೊದಲು) ಮಿಪ್ಸ್ ಪ್ರೊಸೆಸರ್‌ನ ಬೋರ್ಡ್‌ಗೆ ಹಾಕಬೇಕಾಗಿ ಬಂತು. ಮೌಂಟ್ ಆಯಿತು, ಟೆಸ್ಟೂ ಪಾಸಾಯಿತು. ಒಂದು ದಿನ ಹಳೇ ಚಿಪ್ ಒಂದನ್ನು ಹಾಕಿದರೆ ಎಲ್ಲಕ್ಕಿಂತ ಹೊಸ ಲಾಗೇ ಮಾಯ!

ಅಳಿಸುವ ಮುಂಚೆ ತೆಗೆದಿಟ್ಟಿದ್ದ ಹೆಕ್ಸ್ ಡಂಪ್ (ಚಿಪ್‌ನ ಬೈಟ್‌ಗಳ ಪಟ್ಟಿ) ನೋಡಿದೆ. ಚಿಪ್‌ನಲ್ಲಿ 249ರಿಂದ 256ರವರೆಗಿನ ಕ್ರಮಸಂಖ್ಯೆಯ ಸೆಕ್ಟರ್‌ಗಳಿದ್ದವು. 255 ಅಂದರೆ ಎಫ್‌ಎಫ್ 00 00 00, ಅದನ್ನು ಮಿಪ್ಸ್ 4278190080 ಅಂತ ಓದುತ್ತೆ. 256 ಅಂದರೆ 00 01 00 00, ಅದು ಬರೀ 65536. ಎಂಟರಲ್ಲಿ ಅದೇ ಚಿಕ್ಕದು, ಅಂದರೆ ಅದೇ ಹಳೆಯದು, ಅಳಿಸು! 255ರ ತನಕ ತಿರುವುಮುರುವಾಗಿ ಓದಿದರೂ ಕ್ರಮ ಕೆಡುವುದಿಲ್ಲ, ನನ್ನ ಟೆಸ್ಟ್ ಚಿಪ್‌ಗಳು ಅಷ್ಟು ದೂರ ಹೋಗಿರಲೇ ಇಲ್ಲ.

ಹೊಟ್ಟೆ ಉರಿದಿದ್ದು ಬೇರೆ ವಿಷಯಕ್ಕೆ. ಮ್ಯಾಜಿಕ್ (ಇದು ನಮ್ಮದೇ ಫೈಲ್‌ಸಿಸ್ಟಮ್ ಅಂತ ಹೇಳುವ ಗುರುತು) ಅನ್ನು ನಾಲ್ಕು ಅಕ್ಷರವಾಗಿ ಇಟ್ಟಿದ್ದೆ, ಸಿಆರ್‌ಸಿಯನ್ನೂ (ಡೇಟಾ ಕೆಟ್ಟಿಲ್ಲ ಅಂತ ನೋಡುವ ಲೆಕ್ಕ) ಬೈಟ್ ಬೈಟಾಗಿ ಬರೆದು ಹಾಗೇ ಹೋಲಿಸುತ್ತಿದ್ದೆ, ಖಾಲಿ ಸೆಕ್ಟರ್ ಹೇಗೂ ಎಲ್ಲಾ ಎಫ್‌ಎಫ್, ಯಾವ ಕಡೆಯಿಂದ ಓದಿದರೂ ಒಂದೇ. ಮೂವರು ಕಾವಲುಗಾರರೂ ಕಳ್ಳನಿಗೆ ಸಲಾಂ ಹೊಡೆದು ಒಳಗೆ ಬಿಟ್ಟಿದ್ದರು. ಮ್ಯಾಜಿಕ್ 32 ಬಿಟ್‌ನ ಸಂಖ್ಯೆ ಆಗಿದ್ದರೆ ಮೊದಲ ದಿನವೇ ಮೌಂಟ್ ಬಿದ್ದುಹೋಗುತ್ತಿತ್ತು. ಈಗ ಹಾಗೇ ಮಾಡಿದ್ದೇನೆ.

ಯಾವ ಬೈಟ್ ಆರ್ಡರ್ ಅನ್ನೋದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಲಿನಕ್ಸ್‌ನಲ್ಲಿ ಫ್ಲ್ಯಾಶ್ ನಿಭಾಯಿಸುವ ಪದರವಾದ ಯುಬಿಐನ ಹೆಡರ್‌ಗಳು ಬಿಗ್, ಅದರ ಮೇಲೇ ಕೂರುವ ಫೈಲ್‌ಸಿಸ್ಟಮ್ ಯುಬಿಐಎಫ್‌ಎಸ್ ಲಿಟಲ್, ಎರಡೂ ಆರಾಮಾಗಿವೆ. ಆಯಾ ಪ್ರೊಸೆಸರ್‌ನ ಆರ್ಡರ್‌ನಲ್ಲೇ ಬರೆದು, ಯಾವುದು ಅಂತ ಗುರುತು ಹಾಕುವ ದಾರಿ ಮಾತ್ರ ಬೇಡ. ಸ್ಕ್ವಾಶ್‌ಎಫ್‌ಎಸ್ ಅನ್ನೋ ಇನ್ನೊಂದು ಫೈಲ್‌ಸಿಸ್ಟಮ್ ಎರಡನ್ನೂ ಓದುತ್ತಿತ್ತು, 4.0ರಲ್ಲಿ ಲಿಟಲ್ ಒಂದೇ ಸಾಕು ಅಂತ ನಿಲ್ಲಿಸಿತು. ನಾನು ಲಿಟಲ್ ಆರಿಸಿದ್ದಕ್ಕೆ ಕಾರಣ ಇಷ್ಟೇ: ಹೊರಗಿದ್ದ ಚಿಪ್‌ಗಳೆಲ್ಲ ಆಗಲೇ ಹಾಗೇ ಇದ್ದವು.

ಆರ್ಡರ್ ಆರಿಸೋದು ಸುಲಭ, ಕೋಡ್‌ನಲ್ಲಿ ಎಲ್ಲೂ ಮರೆಯದೇ ಇರೋದೇ ಕಷ್ಟ. ಹೆಡರ್‌ನ ಪ್ರತಿ ಸಂಖ್ಯೆಯನ್ನೂ ನಾಲ್ಕು ಬೈಟ್‌ನ ಅರೇ ಇರುವ ಪುಟ್ಟ ಸ್ಟ್ರಕ್ಟ್ ಮಾಡಿದೆ. ಈಗ ಅದನ್ನು ನೇರವಾಗಿ ಕೂಡಲು, ಹೋಲಿಸಲು ಹೋದರೆ ಕಂಪೈಲರ್ ಒಪ್ಪುವುದಿಲ್ಲ, ಶಿಫ್ಟ್ ಮಾಡಿ ಓದುವ ಫಂಕ್ಷನ್ ಮೂಲಕವೇ ಹೋಗಬೇಕು. ನಡುವೆ ಪ್ಯಾಡಿಂಗ್ (ಕಂಪೈಲರ್ ತಾನೇ ತುರುಕುವ ಖಾಲಿ ಬೈಟ್) ಸೇರುವುದಿಲ್ಲ, ಕಾರ್ಟೆಕ್ಸ್-ಎಂ0 ಪ್ರೊಸೆಸರ್‌ನಲ್ಲಿ ಅಲೈನ್ ಆಗದ (ನಾಲ್ಕರಿಂದ ಭಾಗವಾಗದ) ವಿಳಾಸ ಓದಿ ಫಾಲ್ಟ್ ಆಗುವ ಕಾಟವೂ ತಪ್ಪಿತು. ನಿಧಾನ ಆಗುತ್ತೆ ಅಂತೀರಾ? ಎಸ್‌ಪಿಐನಿಂದ ಬೈಟ್ ಬರುವುದಕ್ಕೆ ಕಾಯುವ ಹೊತ್ತಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಕೊನೆಗೆ ಉಳಿದಿದ್ದು ಮಿಪ್ಸ್ ಕೆಲವು ಸಲ ಬರೆದು ಎರಡೂ ಆರ್ಡರ್ ಬೆರೆಸಿದ್ದ ಕೆಲವು ಚಿಪ್. ಈ ಫ್ಲ್ಯಾಶ್‌ನ ಒಂದೊಂದು ಸೆಕ್ಟರನ್ನೂ ಸುಮಾರು 1 ಲಕ್ಷ ಸಲ ಅಳಿಸಬಹುದು. ಎಂಟು ಸೆಕ್ಟರ್‌ಗೆ 8 ಲಕ್ಷ, ಅಂದರೆ ನಿಜವಾದ ಕ್ರಮಸಂಖ್ಯೆ ಅದನ್ನು ದಾಟುವುದಿಲ್ಲ. ಲಿಟಲ್ ಎಂದು ಓದಿದಾಗ ಅದಕ್ಕಿಂತ ದೊಡ್ಡ ಸಂಖ್ಯೆ ಬಂದರೆ ಅದು ಮಿಪ್ಸ್ ಬರೆದಿದ್ದೇ, ಹಾಗಾಗಿ ಉಳಿದವಕ್ಕಿಂತ ಹೊಸದು. ಆ ಒಂದು ಸಾಲಿನ ಇಫ್ ಇಂದಿಗೂ ಆ ಚಿಪ್‌ಗಳನ್ನು ಸರಿಪಡಿಸುವ ಕನ್ವರ್ಟರ್‌ನಲ್ಲಿದೆ.