ಗೆಣಸಿನ ಬ್ರೆಡ್: ನೀರಿನ ಲೆಕ್ಕ ತಪ್ಪಿದರೆ ಎಲ್ಲವೂ ತಪ್ಪುತ್ತದೆ

ಬೇಯಿಸಿದ ಗೆಣಸನ್ನು ಹಿಸುಕಿ ಬ್ರೆಡ್ಡಿನ ಹಿಟ್ಟಿಗೆ ಸೇರಿಸಿದರಾಯಿತು ಎಂದುಕೊಂಡವರ ಓವನ್‌ನಿಂದ ಬಹಳ ಸಲ ಹೊರಬರುವುದು ಮೇಲೆ ಕಂದು, ಒಳಗೆ ಅಂಟಂಟಾದ ಮುದ್ದೆ. ಬೈಗುಳ ಯೀಸ್ಟಿಗೆ ಬೀಳುತ್ತದೆ. ಆದರೆ ಸಿಹಿಗೆಣಸಿನ ತೂಕದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರೇ ಇರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿರುವುದೇ ನಿಜವಾದ ತಪ್ಪು.

ಒಂದು ಬ್ರೆಡ್ಡಿಗೆ ಮೈದಾ 200 ಗ್ರಾಂ, ಗೋಧಿ ಹಿಟ್ಟು 70 ಗ್ರಾಂ, ಕಡಲೆ ಹಿಟ್ಟು 30 ಗ್ರಾಂ, ಹಿಸುಕಿದ ಗೆಣಸು 150 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಉಪ್ಪು 5 ಗ್ರಾಂ, ಸಕ್ಕರೆ 10 ಗ್ರಾಂ, ಎಣ್ಣೆ 20 ಗ್ರಾಂ. ಕಡಲೆ ಹಿಟ್ಟನ್ನು ಬಿಡಬೇಡಿ: ಗೆಡ್ಡೆಗಳಲ್ಲಿ ಪ್ರೋಟೀನ್ ತೀರಾ ಕಡಿಮೆ, ಆ ಕೊರತೆಯನ್ನು ಸ್ವಲ್ಪವಾದರೂ ತುಂಬುವುದು ಇದೇ. ಕಿತ್ತಳೆ ತಿರುಳಿನ ಗೆಣಸನ್ನೇ ಆರಿಸಿ. ದೇಹದಲ್ಲಿ ಎ ಜೀವಸತ್ವವಾಗುವ ಬೀಟಾ ಕ್ಯಾರೋಟಿನ್ ಅದರಲ್ಲಿ ಹೇರಳ, ಬಿಳಿ ತಿರುಳಿನದರಲ್ಲಿ ಅತ್ಯಲ್ಪ. ಅದು ಮೈಗೆ ಹತ್ತಲು ಕೊಬ್ಬಿನಂಶ ಬೇಕು. ಎಣ್ಣೆಯಲ್ಲಿ ಜಿಪುಣತನ ಬೇಡ.

ಇನ್ನು ಗೆಣಸಿನ ಹದ. ನೀರಿನಲ್ಲಿ ಮುಳುಗಿಸಿ ಬೇಯಿಸಲೇಬೇಡಿ. ಸಿಪ್ಪೆ ಸಮೇತ ಹಬೆಯಲ್ಲಿ ಬೇಯಿಸಿ. ಕುಕ್ಕರ್ ಆದರೆ ಒಳಪಾತ್ರೆಗೆ ನೀರು ಹಾಕದೆ ಮೇಲೊಂದು ತಟ್ಟೆ ಮುಚ್ಚಿ. ಇಲ್ಲವಾದರೆ ಮುಚ್ಚಳದ ಹನಿಯೆಲ್ಲ ಗೆಣಸಿಗೇ ಇಳಿಯುತ್ತದೆ. ಬೆಂದ ಕೂಡಲೇ ಸಿಪ್ಪೆ ಸುಲಿದು ಸೀಳಿ, ಅಗಲ ತಟ್ಟೆಯಲ್ಲಿ ಹರಡಿ, ಹಬೆ ಹೋಗಲು ಬಿಡಿ. ಆಮೇಲೆ ಜರಡಿಯ ಮೇಲೆ ಒತ್ತಿ ಉಜ್ಜಿದರೆ ನಾರು ಮೇಲೆಯೇ ಉಳಿಯುತ್ತದೆ. ಮಿಕ್ಸಿ ಸುಲಭದ ದಾರಿಯೇನೋ ಹೌದು, ಆದರೆ ಅದರ ಬ್ಲೇಡು ಪಿಷ್ಟದ ಕಣಗಳನ್ನು ಒಡೆದು ಗೋಂದು ಮಾಡಿಬಿಡುತ್ತದೆ. ಹಿಸುಕಿದ್ದು ಚಮಚದಿಂದ ಜಾರದೆ ಗುಡ್ಡೆಯಾಗಿ ನಿಲ್ಲಬೇಕು. ಜಾರಿದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸಿ ಒಣಗಿಸಿ. ಪೂರ್ತಿ ತಣ್ಣಗಾದ ಮೇಲೇ ತೂಗಿ. ಬಿಸಿ ಗೆಣಸು ಯೀಸ್ಟನ್ನು ಕೊಲ್ಲುತ್ತದೆ.

ಹಿಟ್ಟಿಗೆ ಮೊದಲು 80 ಮಿಲಿ ನೀರಷ್ಟೇ ಹಾಕಿ. ನಾದುತ್ತ ಹೋದಂತೆ ಗೆಣಸು ನೀರು ಬಿಡುತ್ತದೆ, ಹಾಗಾಗಿ ಐದು ನಿಮಿಷದವರೆಗೆ ಹಿಟ್ಟು ಬಿರುಸಾಗಿದೆ ಎನ್ನಿಸಿದರೂ ತಡೆಯಿರಿ. ಆಮೇಲೂ ಬೇಕೆನಿಸಿದರೆ ಚಮಚದ ಲೆಕ್ಕದಲ್ಲಿ ಸೇರಿಸಿ. ಒಟ್ಟು ಹತ್ತು ನಿಮಿಷ ನಾದಿ, ಎರಡರಷ್ಟು ಉಬ್ಬಿಸಿ, ಆಕಾರ ಕೊಟ್ಟು ಟಿನ್ನಿನಲ್ಲಿ ಮತ್ತೊಮ್ಮೆ ಉಬ್ಬಿಸಿ. 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 35 ನಿಮಿಷ. ಗೆಣಸಿನ ಸಕ್ಕರೆಯಿಂದ ಬಣ್ಣ ಬೇಗ ಬರುತ್ತದೆ. ಅದನ್ನು ನಂಬಿ ಹೊರತೆಗೆದರೆ ಒಳಗೆ ಹಸಿ. ಮೇಲೆ ಫಾಯಿಲ್ ಮುಚ್ಚಿ ಮುಂದುವರಿಸಿ. ಪೂರ್ತಿ ಆರುವ ಮುನ್ನ ಕೊಯ್ದರೂ ಅದೇ ಅಂಟು.

ಗೆಣಸಿನ ಪುಡಿ ಕೊಳ್ಳುವುದಾದರೆ ಪೊಟ್ಟಣದ ಹಿಂಬದಿ ಓದಿ: ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ತಯಾರಿಸಿ ಬೆರೆಸುವ ಪುಡಿ), ಬಣ್ಣ ಕಂಡರೆ ವಾಪಸ್ ಇಡಿ. ನೇರಳೆ ಗೆಣಸಿನ ಕೇಕಿಗೆ ಅಡಿಗೆ ಸೋಡಾ ಹೆಚ್ಚಾದರೆ ಅದು ಹಸಿರುಗಪ್ಪಾಗುತ್ತದೆ. ಒಂದೆರಡು ಚಮಚ ಮೊಸರು ಆ ಬಣ್ಣವನ್ನು ಉಳಿಸುತ್ತದೆ.

ಮರಗೆಣಸಿನ ದಾರಿಯೇ ಬೇರೆ. ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ, ಕಹಿ ತಳಿಗಳಲ್ಲಿ ಅಪಾಯಕಾರಿ ಮಟ್ಟದಲ್ಲಿ. ಆದ್ದರಿಂದ ಹಸಿಯಾಗಿ ತುರಿದು ನೇರ ಹಿಟ್ಟಿಗೆ ಬೆರೆಸಬೇಡಿ. ಅದರ ಹಿಟ್ಟನ್ನು ಮನೆಯಲ್ಲಿ ಮಾಡುವುದಕ್ಕಿಂತ ಸರಿಯಾಗಿ ಸಂಸ್ಕರಿಸಿದ್ದನ್ನು ಕೊಳ್ಳುವುದೇ ಲೇಸು. ಅದರಲ್ಲಿ ಗ್ಲುಟೆನ್, ಅಂದರೆ ಹಿಟ್ಟನ್ನು ಹಿಡಿದು ಉಬ್ಬಲು ಬಿಡುವ ಗೋಧಿಯ ಜಿಗುಟು ಪ್ರೋಟೀನ್, ಇಲ್ಲ. ಮೈದಾದ ಐದನೇ ಒಂದು ಪಾಲಿಗಿಂತ ಹೆಚ್ಚು ಬದಲಿಸಿದರೆ ಬ್ರೆಡ್ ಸರಿಯಾಗಿ ಉಬ್ಬದು. ಬಿಸ್ಕತ್ತಿಗೆ ಅರ್ಧದಷ್ಟೂ ನಡೆಯುತ್ತದೆ. ಟ್ಯಾಪಿಯೋಕ ಸ್ಟಾರ್ಚ್ ಇದೇ ಗೆಡ್ಡೆಯದಾದರೂ ಬರೀ ಪಿಷ್ಟ, ನಾರಿಲ್ಲ. ಮರಗೆಣಸಿನ ಹಿಟ್ಟಿನ ಬದಲಿಗೆ ಅದನ್ನು ಹಾಕಬೇಡಿ.